ಅರಣ್ಯ ಹಕ್ಕು ಮತ್ತು ಹಾಡಿಯ ಗ್ರಾಮಸಭೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಡಿ, ಪೋಡು (ಆದಿವಾಸಿಗಳ ವಸತಿಗಳು), ಕೇರಿ, ಮಜರೆಗಳಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆಯ ಮಾತು ಬಂದಾಗಲೆಲ್ಲ ಏಳುವ ಪ್ರಶ್ನೆಗಳು ಇಲ್ಲಿವೆ. ಉತ್ತರಗಳು ಕರ್ನಾಟಕವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಒಬ್ಬೊಬ್ಬರ ಜಮೀನಿನ ಹಕ್ಕುಪತ್ರಕ್ಕಿಂತ ಇಡೀ ಊರು ತನ್ನ ಕಾಡನ್ನು ನೋಡಿಕೊಳ್ಳುವ ಹಕ್ಕಿಗೆ ಹೆಚ್ಚು ಜಾಗ ಕೊಟ್ಟಿದ್ದೇವೆ. ಅರ್ಜಿಗಳು ರಾಶಿ ಬೀಳುವುದು ಮೊದಲನೆಯದಕ್ಕೆ, ಬಲ ಇರುವುದು ಎರಡನೆಯದರಲ್ಲಿ.

ಈ ಕಾಯ್ದೆಯಡಿ ಸರ್ಕಾರ ನಮಗೆ ಕಾಡು ಮಂಜೂರು ಮಾಡುತ್ತದೆಯೇ?

ಇಲ್ಲ. ಮೊದಲಿನಿಂದ ಇದ್ದ ಹಕ್ಕನ್ನು ಗುರುತಿಸಿ ದಾಖಲೆಗೆ ತರುತ್ತದೆ, ಅಷ್ಟೆ. ಕಾಡುಗಳನ್ನು ಮೀಸಲು ಅರಣ್ಯವೆಂದು ಘೋಷಿಸುವಾಗ ಅಲ್ಲೇ ಬದುಕುತ್ತಿದ್ದವರ ಹಕ್ಕುಗಳನ್ನು ಸರಿಯಾಗಿ ಬರೆದುಕೊಳ್ಳಲಿಲ್ಲ, ಅದು ಚಾರಿತ್ರಿಕ ಅನ್ಯಾಯ ಎಂದು ಕಾಯ್ದೆಯ ಪೀಠಿಕೆಯೇ ಒಪ್ಪಿಕೊಂಡಿದೆ. ಹಾಗಾಗಿ ಇದನ್ನು ಬಗರ್ ಹುಕುಂ (ಅನಧಿಕೃತ ಸಾಗುವಳಿಯ ಸಕ್ರಮ) ಜೊತೆ ಕಲಸಬಾರದು. ಫಾರಂ 50, 53, 57 ಕಂದಾಯ ಭೂಮಿಗೆ ಸಂಬಂಧಿಸಿದವು. ಅಲ್ಲಿ ಅರ್ಜಿ ಹಾಕಿ ತಿರಸ್ಕೃತವಾಗಿದ್ದರೂ ಇಲ್ಲಿ ಹಕ್ಕು ಕೇಳಲು ಅಡ್ಡಿಯಿಲ್ಲ. ಇಲ್ಲಿ ಕಿಮ್ಮತ್ತು ಕಟ್ಟುವುದೂ ಇಲ್ಲ.

ಕಾಯ್ದೆ ಜಾರಿಗೆ ಬಂದದ್ದು 31 ಡಿಸೆಂಬರ್ 2007ರಂದು, ನಿಯಮಗಳು 1 ಜನವರಿ 2008ರಂದು. ನಿಯಮಗಳಿಗೆ 6 ಸೆಪ್ಟೆಂಬರ್ 2012ರಂದು ದೊಡ್ಡ ತಿದ್ದುಪಡಿ ಆಯಿತು. ತಿದ್ದುಪಡಿಗೆ ಮುಂಚಿನ ಕೈಪಿಡಿಗಳು ಇಂದಿಗೂ ಕಚೇರಿಗಳಲ್ಲಿ ಓಡಾಡುತ್ತಿವೆ. ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಾತಿ) ಮೂರನೇ ಎರಡು ಭಾಗ ಎಂದು ಬರೆದಿದ್ದರೆ ಅದು ಹಳೆಯದು, ಪಕ್ಕಕ್ಕಿಡಿ.

ಕರ್ನಾಟಕದಲ್ಲಿ ಪೆಸಾ (ಅನುಸೂಚಿತ ಪ್ರದೇಶಗಳ ಪಂಚಾಯತಿ ಕಾಯ್ದೆ) ಇಲ್ಲ. ಹಾಗಿದ್ದರೆ ಸ್ವಯಮಾಡಳಿತ ಎಲ್ಲಿಂದ ಬಂತು?

ಸಂವಿಧಾನದ 244ನೇ ವಿಧಿಯಡಿ ಎರಡು ಅನುಸೂಚಿಗಳಿವೆ. ಆರನೆಯದು ಅಸ್ಸಾಂ, ಮೇಘಾಲಯ, ತ್ರಿಪುರಾ, ಮಿಜೋರಾಂಗಳ ಬುಡಕಟ್ಟು ಪ್ರದೇಶಗಳಿಗೆ ಸ್ವಾಯತ್ತ ಮಂಡಳಿಗಳನ್ನು ಕೊಟ್ಟಿದೆ. ಐದನೆಯದು ಹತ್ತು ರಾಜ್ಯಗಳ ‘ಅನುಸೂಚಿತ ಪ್ರದೇಶ’ಗಳಿಗೆ ಅನ್ವಯಿಸುತ್ತದೆ, 1996ರ ಪೆಸಾ ಕಾಯ್ದೆ ನಡೆಯುವುದು ಅಲ್ಲಿ ಮಾತ್ರ. ಕರ್ನಾಟಕದಲ್ಲಿ ಅನುಸೂಚಿತ ಪ್ರದೇಶವೆಂದು ಘೋಷಿಸಿದ ಒಂದು ಅಂಗುಲ ನೆಲವೂ ಇಲ್ಲ. ಕೊಡಗು, ಮೈಸೂರು, ಚಾಮರಾಜನಗರದ ಆದಿವಾಸಿ ಪ್ರದೇಶಗಳನ್ನು ಸೇರಿಸಬೇಕೆಂಬ ಬೇಡಿಕೆ ಹಳೆಯದು.

ಅರಣ್ಯ ಹಕ್ಕು ಕಾಯ್ದೆಗೆ ಈ ಗೆರೆಯಿಲ್ಲ, ಅದು ದೇಶದ ಎಲ್ಲ ಅರಣ್ಯ ಭೂಮಿಗೂ ಅನ್ವಯ. ಹಾಗಾಗಿ ಕರ್ನಾಟಕದ ಆದಿವಾಸಿಗೆ ತನ್ನ ನೆಲದ ಬಗ್ಗೆ ತಾನೇ ತೀರ್ಮಾನ ಮಾಡುವ ಕಾನೂನುಬದ್ಧ ಜಾಗ ಅಂತ ಇರುವುದು ಈ ಕಾಯ್ದೆಯ ಗ್ರಾಮಸಭೆ. ಅದರ 5ನೇ ಕಲಮು ಕಾಡು, ವನ್ಯಜೀವಿ, ಜೀವವೈವಿಧ್ಯ, ನೀರಿನ ಮೂಲಗಳನ್ನು ಕಾಪಾಡುವ ಅಧಿಕಾರವನ್ನು ನೇರವಾಗಿ ಗ್ರಾಮಸಭೆಗೆ ಕೊಡುತ್ತದೆ.

ಗ್ರಾಮಸಭೆ ಎಂದರೆ ಪಂಚಾಯತಿಯದ್ದೇ, ಹಾಡಿಯದ್ದೇ?

ಅರ್ಧ ಅರ್ಜಿಗಳ ಹಣೆಬರಹ ಇಲ್ಲೇ ತೀರ್ಮಾನವಾಗುತ್ತದೆ. ಕಾಯ್ದೆಯ 2(ಪಿ) ವ್ಯಾಖ್ಯೆಯ ಪ್ರಕಾರ ಅರಣ್ಯ ಗ್ರಾಮ, ಹಳೆಯ ವಸತಿ, ಸರ್ವೆಯಾಗದ ಊರು, ಇವೆಲ್ಲವೂ ‘ಗ್ರಾಮ’, ಅಧಿಸೂಚನೆ ಆಗಿರಲಿ ಬಿಡಲಿ. ಅಂದರೆ 40 ಮನೆಯ ಒಂದು ಹಾಡಿ ಅಥವಾ ಪೋಡು ತನ್ನದೇ ಗ್ರಾಮಸಭೆ ಮಾಡಿಕೊಳ್ಳಬಹುದು. 2012ರಲ್ಲಿ ಸೇರಿದ ನಿಯಮ 2ಎ ಇಂಥ ವಸತಿಗಳನ್ನು ಗುರುತಿಸಿ ಪಟ್ಟಿ ಮಾಡುವ ಹೊಣೆಯನ್ನು ಆಡಳಿತದ ಮೇಲೆ ಹಾಕಿದೆ.

ಕೋರಂ ಹೀಗಿದೆ: ಗ್ರಾಮಸಭೆಯ ಒಟ್ಟು ವಯಸ್ಕರಲ್ಲಿ ಕನಿಷ್ಠ ಅರ್ಧದಷ್ಟು ಜನ ಹಾಜರಿರಬೇಕು. ಹಾಜರಾದವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು ಇರಬೇಕು. ಅರ್ಜಿಗಳ ಮೇಲೆ ನಿರ್ಣಯ ಮಾಡುವ ದಿನ ಅರ್ಜಿದಾರರಲ್ಲಿ, ಅಥವಾ ಅವರ ಪ್ರತಿನಿಧಿಗಳಲ್ಲಿ, ಅರ್ಧದಷ್ಟಾದರೂ ಜನ ಬಂದಿರಬೇಕು. ನಿರ್ಣಯಕ್ಕೆ ಹಾಜರಿದ್ದು ಮತ ಹಾಕಿದವರ ಸರಳ ಬಹುಮತ ಸಾಕು.

ಈಗ ಲೆಕ್ಕ ಹಾಕಿ. ಏಳೆಂಟು ಊರು ಸೇರಿದ ಪಂಚಾಯತಿಯಲ್ಲಿ 4,000 ವಯಸ್ಕರಿದ್ದರೆ ಒಂದೇ ಸಭೆಗೆ 2,000 ಜನ ಬರಬೇಕು. ಅದು ಆಗದ ಮಾತು. 120 ವಯಸ್ಕರ ಹಾಡಿಯಲ್ಲಿ 60 ಜನ, ಅವರಲ್ಲಿ 20 ಹೆಂಗಸರು ಬಂದರೆ ಮುಗಿಯಿತು. ಪಂಚಾಯತಿ ಮಟ್ಟದಲ್ಲಿ ಸಭೆ ನಡೆಸಿದ ಕಡೆಯಲ್ಲೆಲ್ಲ ಎರಡು ತೊಂದರೆ ಕಾಣುತ್ತವೆ. ಕೋರಂ ಇಲ್ಲವೆಂದು ಮೇಲಿನ, ಅಂದರೆ ಉಪವಿಭಾಗ ಮಟ್ಟದ, ಸಮಿತಿ ಕಡತ ವಾಪಸ್ ಕಳಿಸುತ್ತದೆ. ಇಲ್ಲವೇ ಕಾಡಿನ ಗೊಡವೆಯೇ ಇಲ್ಲದ ದೊಡ್ಡ ಊರಿನವರ ಕೈ ಮೇಲಾಗುತ್ತದೆ.

ಸಭೆ ಕರೆಯುವುದು ಗ್ರಾಮ ಪಂಚಾಯತಿಯ ಕೆಲಸ. ಹಾಡಿಯ ಯಜಮಾನರು ಮತ್ತು ಒಂದಷ್ಟು ಮನೆಯವರು ಸಹಿ ಹಾಕಿದ ಪತ್ರವನ್ನು ಪಿಡಿಒ ಅವರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಪ್ರತಿಯೊಂದನ್ನು ಉಪವಿಭಾಗಾಧಿಕಾರಿಗೆ ಕಳಿಸಿ. ನಡಾವಳಿ ಪುಸ್ತಕ ಹಾಡಿಯದ್ದೇ ಬೇರೆ ಇರಲಿ. ಪಂಚಾಯತಿ ಪುಸ್ತಕದಲ್ಲಿ ಬೀದಿ ದೀಪದ ವಿಷಯದ ಕೆಳಗೆ ಅರಣ್ಯ ಹಕ್ಕಿನ ನಿರ್ಣಯ ಬರೆದುಬಿಟ್ಟರೆ ಎರಡು ವರ್ಷ ಬಿಟ್ಟು ನಕಲು ಸಿಗುವುದು ಕಷ್ಟ.

ಅರಣ್ಯ ಹಕ್ಕು ಸಮಿತಿಯಲ್ಲಿ ಯಾರಿರಬೇಕು?

ಅರ್ಜಿಗಳನ್ನು ಪರಿಶೀಲಿಸುವ ಈ ಸಮಿತಿಗೆ ಗ್ರಾಮಸಭೆ ತನ್ನ ಸದಸ್ಯರಲ್ಲೇ 10ರಿಂದ 15 ಜನರನ್ನು ಆರಿಸುತ್ತದೆ. ಮೂರನೇ ಎರಡು ಭಾಗ ಪರಿಶಿಷ್ಟ ಪಂಗಡದವರು, ಮೂರನೇ ಒಂದು ಭಾಗ ಮಹಿಳೆಯರು. ಪರಿಶಿಷ್ಟ ಪಂಗಡದವರೇ ಇಲ್ಲದ ಊರಾದರೆ ಮಹಿಳೆಯರ ಪಾಲು ಮಾತ್ರ ಕಡ್ಡಾಯ. ಅಧ್ಯಕ್ಷರನ್ನೂ ಕಾರ್ಯದರ್ಶಿಯನ್ನೂ ಸಮಿತಿಯೇ ಆರಿಸಿಕೊಂಡು ಉಪವಿಭಾಗ ಮಟ್ಟದ ಸಮಿತಿಗೆ ತಿಳಿಸಬೇಕು. ಸದಸ್ಯರೊಬ್ಬರ ಸ್ವಂತ ಅರ್ಜಿಯ ಪರಿಶೀಲನೆ ಬಂದಾಗ ಅವರು ಹೊರಗಿರಬೇಕು. ಇದನ್ನು ಮಹಜರಿನಲ್ಲಿ ಒಂದು ಸಾಲು ಬರೆದಿಡದಿದ್ದರೆ ಆಮೇಲೆ ಆಕ್ಷೇಪಣೆಗೆ ದಾರಿಯಾಗುತ್ತದೆ.

ಫಾರಂ ಎ, ಬಿ, ಸಿ ಯಾವುದು ಯಾತಕ್ಕೆ?

ಎ ಎಂದರೆ ವೈಯಕ್ತಿಕ. ಮನೆ, ಸಾಗುವಳಿ ಜಮೀನು. 13 ಡಿಸೆಂಬರ್ 2005ಕ್ಕೆ ಮುಂಚಿನಿಂದ ಅನುಭವದಲ್ಲಿ ಇರುವಷ್ಟಕ್ಕೆ, ಗರಿಷ್ಠ 4 ಹೆಕ್ಟೇರ್, ಅಂದರೆ ಹೆಚ್ಚುಕಡಿಮೆ 9 ಎಕರೆ 35 ಗುಂಟೆ. ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಬರಬೇಕು.

ಬಿ ಎಂದರೆ ಸಮುದಾಯದ ಬಳಕೆಯ ಹಕ್ಕು: ಜೇನು, ನೆಲ್ಲಿ, ಸೀಗೆ, ಕಲ್ಲುಹೂ, ಬಿದಿರು, ಗೆಡ್ಡೆಗೆಣಸು ತರುವುದು, ದನ ಮೇಯಿಸುವುದು, ಕೆರೆ ಹೊಳೆಯ ಮೀನು, ಪೂಜೆಯ ಜಾಗಗಳು. ಬೇಟೆ ಇದರಲ್ಲಿ ಸೇರುವುದಿಲ್ಲ.

ಸಿ ಎಂದರೆ ಸಮುದಾಯ ಅರಣ್ಯ ಸಂಪನ್ಮೂಲ ಹಕ್ಕು, ಕಾಯ್ದೆಯ 3(1)(ಐ). ಊರಿನ ಸಾಂಪ್ರದಾಯಿಕ ಎಲ್ಲೆಯೊಳಗಿನ ಕಾಡನ್ನೆಲ್ಲ ಕಾಪಾಡುವ, ಬೆಳೆಸುವ, ನಿರ್ವಹಿಸುವ ಹಕ್ಕು. ಇದಕ್ಕೆ ವಿಸ್ತೀರ್ಣದ ಮಿತಿಯಿಲ್ಲ. ಆ 4 ಹೆಕ್ಟೇರಿನ ಮಿತಿ ಫಾರಂ ಎ ಜಮೀನಿಗೆ ಮಾತ್ರ, ಆದರೂ ‘ಸಮುದಾಯಕ್ಕೂ ಹತ್ತೇ ಎಕರೆ’ ಎಂದು ಹೇಳಿ ಜನರನ್ನು ವಾಪಸ್ ಕಳಿಸುವುದು ನಡೆದೇ ಇದೆ.

ಬಿ ಇದ್ದು ಸಿ ಇಲ್ಲದಿದ್ದರೆ ನೆಲ್ಲಿಕಾಯಿ ಕೊಯ್ಯಬಹುದು. ಆದರೆ ಆ ನೆಲ್ಲಿ ಮರದ ಸುತ್ತ ಲಂಟಾನ (ಕಾಡಿನಲ್ಲಿ ಹಬ್ಬುವ ಕಳೆಗಿಡ) ತೆಗೆಯಬೇಕೇ, ಎಲ್ಲಿ ನೆಡುತೋಪು ಬೇಡ, ಯಾವ ಕಡೆ ಈ ವರ್ಷ ಕೊಯ್ಲು ನಿಲ್ಲಿಸಬೇಕು ಎಂಬ ಮಾತುಗಳಲ್ಲಿ ಊರಿನ ಧ್ವನಿಗೆ ಕಾನೂನಿನ ಬೆಂಬಲ ಸಿಗುವುದು ಸಿ ಇಂದ. ಕೆಲವೆಡೆ ಬಿ ಅರ್ಜಿ ಹಾಕಿಸಿ ‘ಸಮುದಾಯ ಹಕ್ಕು ಕೊಟ್ಟಾಯಿತು’ ಎಂದು ಕಡತ ಮುಚ್ಚುತ್ತಾರೆ. ಬಿ ಮತ್ತು ಸಿ ಎರಡನ್ನೂ ಒಂದೇ ಸಭೆಯಲ್ಲಿ, ಒಂದೇ ನಕ್ಷೆಯ ಮೇಲೆ ಹಾಕಿ. ಎ ಅರ್ಜಿಗಳು ತಡವಾದರೂ ಪರವಾಗಿಲ್ಲ, ಇವು ತಡವಾಗಬಾರದು ಎಂಬುದು ನಮ್ಮ ಅಭಿಪ್ರಾಯ. ಊರಿನ ಕಾಡಿನ ಎಲ್ಲೆ ಒಮ್ಮೆ ದಾಖಲೆಗೆ ಬಂದರೆ ಅದರೊಳಗಿನ ಒಬ್ಬೊಬ್ಬರ ತುಂಡು ಜಮೀನಿನ ಸಾಕ್ಷ್ಯವೂ ಗಟ್ಟಿಯಾಗುತ್ತದೆ.

ನಮ್ಮ ಕಾಡಿನ ನಕ್ಷೆ ಮಾಡುವುದು ಹೇಗೆ? ಸರ್ವೆಯರ್ ಬೇಕೇ?

ಬೇಡ. ಗುರುತುಗಳನ್ನು ತೋರಿಸಿ ಕೈಯಲ್ಲಿ ಬರೆದ ನಕ್ಷೆಯನ್ನೂ ಅರ್ಜಿಗೆ ಲಗತ್ತಿಸಬಹುದು. ಆದರೂ ಜಿಪಿಎಸ್ ಜೊತೆಗಿದ್ದರೆ ವಾದ ಕಡಿಮೆಯಾಗುತ್ತದೆ.

ಮೊದಲು ಕಾಡಿಗೆ ಹೋಗಬೇಡಿ. ಹಾಡಿಯ ಅಂಗಳದಲ್ಲಿ ಹಿರಿಯರನ್ನು ಕೂರಿಸಿ ನೆಲದ ಮೇಲೆ ಎಲ್ಲೆ ಬರೆಸಿ. ಹೊಳೆ, ಕೊಲ್ಲಿ, ಬೆಟ್ಟದ ಏಣು, ಹಳೆಯ ಹಾಡಿಯ ಜಾಗ, ಸಮಾಧಿ, ದೇವರ ಕಲ್ಲು, ಜೇನಿನ ಬಂಡೆ, ಉಪ್ಪುನೆಲ. ಹೆಂಗಸರನ್ನು ಬೇರೆಯಾಗಿ ಕೇಳಿ. ಸೊಪ್ಪು, ಗೆಣಸು, ಸೌದೆ, ಅಣಬೆಯ ಜಾಗಗಳು ಗಂಡಸರು ಬರೆದ ನಕ್ಷೆಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಮ್ಮ ಕಾಡನ್ನು ಕುಲಗಳ ‘ಯೆಲ್ಲೆ’ಗಳಾಗಿ ಹಂಚಿಕೊಂಡವರು. ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂದು ಪ್ರತಿ ಯೆಲ್ಲೆಗೂ ತನ್ನ ಪವಿತ್ರ ತಾಣಗಳಿವೆ. ಆ ತಾಣಗಳನ್ನು ಜಿಪಿಎಸ್‌ನಲ್ಲಿ ಗುರುತಿಸಿ ಮಾಡಿದ ನಕ್ಷೆಯೇ ಅವರ ಹಕ್ಕಿನ ವಾದಕ್ಕೆ ಬೆನ್ನೆಲುಬಾಯಿತು.

ಆಮೇಲೆ ನಡೆಯುವ ಕೆಲಸ. ತಂಡದಲ್ಲಿ ಇಬ್ಬರು ಮೂವರು ಹಿರಿಯರು, ಕಾಡಿಗೆ ನಿತ್ಯ ಹೋಗುವ ಇಬ್ಬರು ಹೆಂಗಸರು, ಫೋನ್ ಹಿಡಿಯಲು ಇಬ್ಬರು ಹುಡುಗರು. ಮುಖ್ಯವಾಗಿ, ಆ ಕಡೆಯ ಎಲ್ಲೆ ಹಂಚಿಕೊಂಡ ಪಕ್ಕದ ಊರಿನವರು ಜೊತೆಗಿರಬೇಕು. ಎಲ್ಲೆ ತಿರುಗುವ ಪ್ರತಿ ಕಡೆ ಒಂದು ಬಿಂದು, ಅದರ ಹೆಸರು, ಒಂದು ಫೋಟೊ. ಹೆಸರನ್ನು ನಿಮ್ಮ ಮಾತಿನಲ್ಲಿ ಹೇಗೆ ಕರೆಯುತ್ತೀರೋ ಹಾಗೇ ಬರೆಯಿರಿ. ದಟ್ಟ ಮರದಡಿ, ಆಳದ ಕೊಲ್ಲಿಯಲ್ಲಿ ಫೋನಿನ ಜಿಪಿಎಸ್ ಹತ್ತಾರು ಮೀಟರ್ ಆಚೀಚೆ ತೋರಿಸುವುದುಂಟು. ಎರಡು ಮೂರು ನಿಮಿಷ ನಿಂತು ಬಿಂದು ತೆಗೆಯಿರಿ, ಬಂಡೆ ಅಥವಾ ಹೊಳೆ ಸೇರುವ ಜಾಗದಂಥ ಕದಲದ ಗುರುತಿಗೆ ಕಟ್ಟಿಹಾಕಿ. ಹಾಗೆ ಮಾಡಿದರೆ ಅಂಕಿ ತಪ್ಪಿದರೂ ಎಲ್ಲೆ ತಪ್ಪುವುದಿಲ್ಲ.

ಕೊನೆಗೆ 1:50,000 ಅಳತೆಯ ಭೂಪಟದ ಮೇಲೆ ಇದನ್ನು ಇಳಿಸಿ, ಅರಣ್ಯ ಇಲಾಖೆ ಕಾಡನ್ನು ವಿಂಗಡಿಸಿಕೊಂಡ ಕಂಪಾರ್ಟ್‌ಮೆಂಟ್‌ಗಳ ಸಂಖ್ಯೆಗಳು ಗೊತ್ತಿದ್ದರೆ ಸೇರಿಸಿ. ಗೊತ್ತಿಲ್ಲದಿದ್ದರೆ ಅರ್ಜಿ ನಿಲ್ಲಿಸಬೇಡಿ. ದಾಖಲೆ ಕೇಳಿ ಗ್ರಾಮಸಭೆ ಅಥವಾ ಅರಣ್ಯ ಹಕ್ಕು ಸಮಿತಿ ಲಿಖಿತವಾಗಿ ಬರೆದರೆ ದೃಢೀಕೃತ ನಕಲು ಕೊಡುವುದು ಇಲಾಖೆಗಳ ಕರ್ತವ್ಯ.

ತಪ್ಪುವುದು ಎಲ್ಲಿ? ಮನೆಯ ಸುತ್ತಲಿನ ಕಾಡನ್ನಷ್ಟೇ ಬರೆಯುವುದು ಒಂದು. ವರ್ಷಕ್ಕೊಮ್ಮೆ ಹೋಗುವ ಹೆಜ್ಜೇನಿನ ಬಂಡೆ ಇಲ್ಲಿಂದ ದೂರ, ಕೊಡುತ್ತಾರೋ ಇಲ್ಲವೋ ಎಂದು ತಾವೇ ಕೈಬಿಡುವುದು. ಅಭಯಾರಣ್ಯದೊಳಗಿನ ಭಾಗ ಬಿಡುವುದು ಇನ್ನೊಂದು. ಕಾಯ್ದೆ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಗೂ ಅನ್ವಯಿಸುತ್ತದೆ. ಮೂರನೆಯದು ಪಕ್ಕದ ಹಾಡಿಯ ಜೊತೆ ಮಾತಾಡದೆ ಎಲ್ಲೆ ಎಳೆಯುವುದು. ಒಂದೇ ಕಾಡನ್ನು ಎರಡು ಊರು ಬಳಸುವುದು ಮಾಮೂಲು, ಅದರಲ್ಲಿ ಜಗಳವಿಲ್ಲ. ಆ ಭಾಗಕ್ಕೆ ಅಡ್ಡಗೆರೆ ಹಾಕಿ ‘ಜಂಟಿ ಬಳಕೆ’ ಎಂದು ಎರಡೂ ಸಭೆಗಳ ನಿರ್ಣಯದಲ್ಲಿ ಬರೆಯಿರಿ. ತಕರಾರು ಇದ್ದರೆ ಎರಡೂ ಊರಿನ ಸಮಿತಿಗಳು ಕೂತು ಮಾತಾಡಬೇಕು, ಬಗೆಹರಿಯದಿದ್ದರೆ ಮಾತ್ರ ಉಪವಿಭಾಗ ಮಟ್ಟಕ್ಕೆ.

ಸಾಕ್ಷ್ಯ ಏನು ಕೊಡಬೇಕು? ನಮ್ಮ ಬಳಿ ಕಾಗದವೇ ಇಲ್ಲ.

ನಿಯಮ 13ರ ಪಟ್ಟಿಯಲ್ಲಿರುವ ಬಗೆಗಳಲ್ಲಿ ಒಂದಕ್ಕಿಂತ ಹೆಚ್ಚು ಇರಬೇಕು. ಅಂದರೆ ಎರಡು ಸಾಕು. ಅವೆರಡೂ ಸರ್ಕಾರಿ ಕಾಗದ ಆಗಿರಬೇಕೆಂದೇನೂ ಇಲ್ಲ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿದ್ದು ಒಂದು. ಮನೆಯ ಪಾಯ, ಬದು, ಬಾವಿ, ಸಮಾಧಿ, ದೇವರ ಬನ, ಊರು ನೆಟ್ಟ ಹಳೆಯ ಮರಗಳು ಇನ್ನೊಂದು. ಇದರ ಜೊತೆಗೆ ಗೆಜೆಟಿಯರ್, ಜನಗಣತಿ, ಅರಣ್ಯ ಇಲಾಖೆಯ ಕಾರ್ಯಯೋಜನೆಗಳು, ಅತಿಕ್ರಮಣದ ಹಳೆಯ ಕೇಸು, ದಂಡದ ರಸೀದಿ, ಸಂಶೋಧನಾ ಅಧ್ಯಯನಗಳು, ವಂಶವೃಕ್ಷ.

ದಂಡದ ರಸೀದಿಯನ್ನು ಜನ ನಾಚಿಕೆಯಿಂದ ಮುಚ್ಚಿಡುತ್ತಾರೆ. 1990ರಲ್ಲಿ ‘ಒತ್ತುವರಿ’ ಎಂದು ಹಾಕಿದ ಕೇಸು 2005ಕ್ಕೆ ಮುಂಚೆ ನೀವು ಅಲ್ಲಿದ್ದಿರಿ ಎಂಬುದಕ್ಕೆ ಇಲಾಖೆಯೇ ಬರೆದುಕೊಟ್ಟ ಪುರಾವೆ. ಅದನ್ನು ಮೊದಲ ಹಾಳೆಯಾಗಿ ಇಡಿ. ಉಪಗ್ರಹ ಚಿತ್ರದಲ್ಲಿ ಸಾಗುವಳಿ ಕಾಣುವುದಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿ ತಳ್ಳಿಹಾಕಲು ಬರುವುದಿಲ್ಲ. ನಿಯಮ 12ಎ ಪ್ರಕಾರ ಉಪಗ್ರಹ ಚಿತ್ರ ಉಳಿದ ಸಾಕ್ಷ್ಯಕ್ಕೆ ಪೂರಕ ಮಾತ್ರ. ಮರದ ನೆರಳಿನ ಕೆಳಗಿನ ಮನೆ, ರಾಗಿ ಹೊಲದ ನಡುವಿನ ಮರಗಳು ಆಕಾಶದಿಂದ ಕಾಡಿನಂತೆಯೇ ಕಾಣುತ್ತವೆ.

ನಾವು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲ. 75 ವರ್ಷದ ದಾಖಲೆ ಎಲ್ಲಿಂದ ತರುವುದು?

ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರಿನ ಅರ್ಜಿಗಳು ಮುಗ್ಗರಿಸುವುದು ಇಲ್ಲೇ. ಸಿದ್ದಿಗಳು ಪಟ್ಟಿಯಲ್ಲಿದ್ದಾರೆ. ಕುಣಬಿ, ಹಾಲಕ್ಕಿ, ಗೌಳಿಗಳು ಸದ್ಯಕ್ಕೆ ಇಲ್ಲ. ಅವರು ‘ಇತರ ಪಾರಂಪರಿಕ ಅರಣ್ಯವಾಸಿ’ಗಳಾಗಿ ಮೂರು ತಲೆಮಾರು, ತಲೆಮಾರಿಗೆ 25 ವರ್ಷದಂತೆ 75 ವರ್ಷ, ಅಂದರೆ 13 ಡಿಸೆಂಬರ್ 1930ಕ್ಕೆ ಮುಂಚಿನಿಂದ ಕಾಡಿನಲ್ಲಿ ವಾಸವಿದ್ದು ಅದನ್ನು ನೆಚ್ಚಿದ್ದನ್ನು ತೋರಿಸಬೇಕು.

ತೋರಿಸಬೇಕಾದದ್ದು ವಾಸ ಮತ್ತು ಅವಲಂಬನೆ. ಇದೇ ತುಂಡು ಜಮೀನನ್ನು 75 ವರ್ಷದಿಂದ ಉಳುತ್ತಿದ್ದೇವೆ ಎಂದು ಸಾಬೀತು ಮಾಡಬೇಕಿಲ್ಲ, ಕೇಂದ್ರ ಬುಡಕಟ್ಟು ವ್ಯವಹಾರಗಳ ಸಚಿವಾಲಯವೇ ಇದನ್ನು ಸ್ಪಷ್ಟಪಡಿಸಿದೆ. ಜಮೀನಿಗೆ 13 ಡಿಸೆಂಬರ್ 2005 ಒಂದೇ ಗಡುವು. ಊರಿಗೆ ಸೇರಿದ ಹಳೆಯ ದಾಖಲೆ, ಉದಾಹರಣೆಗೆ ಕುಮ್ರಿ (ಕಾಡು ಕಡಿದು ಸುಟ್ಟು ಮಾಡುವ) ಸಾಗುವಳಿಯ ಉಲ್ಲೇಖ ಅಥವಾ ಹಳೆಯ ಸರ್ವೆ ವರದಿ, ಒಂದು ಸಿಕ್ಕರೆ ಅದನ್ನು ಊರಿನ ಎಲ್ಲ ಅರ್ಜಿಗಳಿಗೂ ಲಗತ್ತಿಸಬಹುದು. ಪ್ರತಿ ಮನೆಯೂ ಬೇರೆ ಬೇರೆ 1930ರ ಕಾಗದ ಹುಡುಕುವುದು ವ್ಯರ್ಥ ಅಲೆದಾಟ.

ಸ್ಥಳ ಪರಿಶೀಲನೆಗೆ ಅರಣ್ಯ ಇಲಾಖೆಯವರು ಬರುವುದೇ ಇಲ್ಲ. ಏನು ಮಾಡುವುದು?

ಪರಿಶೀಲನೆ ಮಾಡುವವರು ನೀವು, ಅಂದರೆ ಅರಣ್ಯ ಹಕ್ಕು ಸಮಿತಿ. ಅರಣ್ಯ ಮತ್ತು ಕಂದಾಯ ಇಲಾಖೆಯವರಿಗೆ ದಿನಾಂಕ, ಸಮಯ, ಸೇರುವ ಜಾಗ ತಿಳಿಸಿ ಲಿಖಿತ ನೋಟಿಸು ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ. ಸ್ವೀಕೃತಿ ಕೊಡದಿದ್ದರೆ ಸ್ಪೀಡ್ ಪೋಸ್ಟ್. ಬಂದವರು ಮಹಜರಿಗೆ ದಿನಾಂಕ ಸಹಿತ ಸಹಿ ಹಾಕಬೇಕು. ಬಾರದಿದ್ದರೆ ‘ನೋಟಿಸು ನೀಡಿದ್ದರೂ ಹಾಜರಾಗಿಲ್ಲ’ ಎಂದು ಬರೆದು ಕೆಲಸ ಮುಗಿಸಿ, ನಡಾವಳಿಗೆ ನೋಟಿಸಿನ ನಕಲು ಸೇರಿಸಿ. ಅವರು ಬಾರದ ಕಾರಣಕ್ಕೆ ಪರಿಶೀಲನೆ ಮುಂದೂಡುತ್ತಾ ಹೋದ ಊರುಗಳಲ್ಲಿ ಕಡತ ವರ್ಷಗಟ್ಟಲೆ ಕೂತಿದೆ.

ಮೇಲಕ್ಕೆ ಕಳಿಸುವ ಕಡತದಲ್ಲಿ ಏನೇನಿರಬೇಕು?

ಫಾರಂ, ಗ್ರಾಮಸಭೆಯ ಸದಸ್ಯರ ಪಟ್ಟಿ, ಸಮಿತಿ ರಚನೆಯ ನಡಾವಳಿ, ನೋಟಿಸುಗಳು, ಮಹಜರು, ನಕ್ಷೆ, ಸಾಕ್ಷ್ಯಗಳು, ಪಕ್ಕದ ಊರಿನ ಒಪ್ಪಿಗೆ, ಕೊನೆಯ ನಿರ್ಣಯ. ನಿರ್ಣಯದಲ್ಲಿ ಒಟ್ಟು ವಯಸ್ಕರು ಎಷ್ಟು, ಹಾಜರಾದವರು ಎಷ್ಟು, ಮಹಿಳೆಯರು ಎಷ್ಟು, ಅರ್ಜಿದಾರರು ಎಷ್ಟು ಎಂಬ ನಾಲ್ಕು ಅಂಕಿಗಳು ಮೊದಲ ಸಾಲಿನಲ್ಲೇ ಬರಲಿ. ಹಾಳೆಗಳಿಗೆಲ್ಲ ಸಂಖ್ಯೆ ಹಾಕಿ. ‘1ರಿಂದ 86ನೇ ಪುಟದವರೆಗೆ ಸ್ವೀಕರಿಸಿದೆ’ ಎಂಬ ಹಿಂಬರಹ ಪಡೆಯಿರಿ, ಬರೀ ಮೊಹರು ಸಾಲದು. ನಕ್ಷೆಯೇ ಇರಲಿಲ್ಲ ಎಂಬ ಮಾತು ಆಮೇಲೆ ಬರುವುದು ಹೊಸದೇನಲ್ಲ. ಮೂರು ಪೂರ್ಣ ಪ್ರತಿ ಮಾಡಿ, ಒಂದು ಹಾಡಿಯಲ್ಲೇ ಉಳಿಯಲಿ.

ಅರ್ಜಿ ತಿರಸ್ಕೃತವಾಗಿದೆ ಎಂದು ಬಾಯಲ್ಲಿ ಹೇಳಿದರು. ಮುಂದೆ?

ಬಾಯಲ್ಲಿ ಹೇಳಿದ್ದು ತಿರಸ್ಕಾರವಾಗುವುದಿಲ್ಲ. ಕಾರಣ ಸಹಿತ ಲಿಖಿತ ಆದೇಶ ಅರ್ಜಿದಾರರ ಕೈಗೆ ಮುಟ್ಟಬೇಕು. ಗ್ರಾಮಸಭೆಯ ನಿರ್ಣಯದ ವಿರುದ್ಧವಾದರೆ 60 ದಿನದೊಳಗೆ ಉಪವಿಭಾಗ ಮಟ್ಟದ ಸಮಿತಿಗೆ, ಅದರ ತೀರ್ಮಾನದ ವಿರುದ್ಧವಾದರೆ 60 ದಿನದೊಳಗೆ ಜಿಲ್ಲಾ ಮಟ್ಟದ ಸಮಿತಿಗೆ ಮೇಲ್ಮನವಿ. ಸಮಿತಿ ಮನಸ್ಸು ಮಾಡಿದರೆ ಇನ್ನೂ 30 ದಿನ ವಿಸ್ತರಿಸಬಹುದು. ಕಾಗದಗಳು ಅಪೂರ್ಣವಾಗಿದ್ದರೆ ಮೇಲಿನ ಸಮಿತಿಗಳು ಅರ್ಜಿಯನ್ನು ಗ್ರಾಮಸಭೆಗೆ ಮರಳಿಸಬೇಕೇ ಹೊರತು ತಾವೇ ತಿರಸ್ಕರಿಸಬಾರದು. ಜಿಲ್ಲಾ ಸಮಿತಿಯ ತೀರ್ಮಾನ ಅಂತಿಮ. ಅದರ ಮೇಲೆ ಹೈಕೋರ್ಟಿಗೆ ರಿಟ್ ಅರ್ಜಿಯೊಂದೇ ದಾರಿ.

ಕರ್ನಾಟಕದಲ್ಲಿ ಇನ್ನೊಂದು ವಿಷಯ ನೋಡಬೇಕು. ಈ ಎರಡೂ ಸಮಿತಿಗಳಲ್ಲಿ ಅಧಿಕಾರಿಗಳ ಜೊತೆ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯತಿಯ ಮೂವರು ಚುನಾಯಿತ ಸದಸ್ಯರು ಇರಬೇಕು. 2021ರಲ್ಲಿ ಆ ಪಂಚಾಯತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ಆಗಲಿಲ್ಲ. ಬರೀ ಅಧಿಕಾರಿಗಳು ಕೂತು ತಿರಸ್ಕರಿಸಿದ ಆದೇಶವಾಗಿದ್ದರೆ ಸಮಿತಿಯ ರಚನೆಯೇ ಸರಿಯಿಲ್ಲ ಎಂಬ ಅಂಶವನ್ನು ಮೇಲ್ಮನವಿಯಲ್ಲಿ ಬರೆಯಿರಿ.

ಅರ್ಜಿ ಬಾಕಿ ಇರುವಾಗ ಒಕ್ಕಲೆಬ್ಬಿಸಬಹುದೇ?

4(5) ಕಲಮಿನ ಪ್ರಕಾರ ಪರಿಶೀಲನೆ ಪೂರ್ತಿ ಮುಗಿಯುವವರೆಗೆ ಸಾಧ್ಯವಿಲ್ಲ. ಸುಪ್ರೀಂ ಕೋರ್ಟು 13 ಫೆಬ್ರವರಿ 2019ರಂದು ತಿರಸ್ಕೃತ ಅರ್ಜಿದಾರರನ್ನು ತೆರವುಗೊಳಿಸಲು ಹೇಳಿತ್ತು, ಅದೇ ತಿಂಗಳ 28ರಂದು ತಾನೇ ತಡೆಹಿಡಿಯಿತು. ಆ ಮೊದಲ ಆದೇಶವನ್ನೇ ತೋರಿಸಿ ಹೆದರಿಸುವವರಿದ್ದಾರೆ, ಎರಡನೆಯದನ್ನೂ ಕೇಳಿ. ಪರಿಶಿಷ್ಟ ಪಂಗಡದವರ ಅರಣ್ಯ ಹಕ್ಕಿಗೆ ಹೊರಗಿನವರು ಅಡ್ಡಿಪಡಿಸುವುದು 2015ರ ತಿದ್ದುಪಡಿಯ ನಂತರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧವೂ ಹೌದು.

ಹುಲಿ ರಕ್ಷಿತಾರಣ್ಯದೊಳಗೆ ಹಕ್ಕು ಸಿಗುತ್ತದೆಯೇ?

ಸಿಕ್ಕಿದೆ. ಬಿಳಿಗಿರಿರಂಗನ ಬೆಟ್ಟ 2011ರ ಆರಂಭದಲ್ಲಿ ಹುಲಿ ರಕ್ಷಿತಾರಣ್ಯವಾಯಿತು. ಅದೇ ವರ್ಷ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರಗಳು ಬಂದವು. ಹುಲಿ ರಕ್ಷಿತಾರಣ್ಯದೊಳಗೆ ಇಂಥ ಹಕ್ಕು ಮಾನ್ಯವಾದದ್ದು ದೇಶದಲ್ಲೇ ಅದು ಮೊದಲು. ಅಲ್ಲಿ 2006ರಿಂದ ಜೇನು, ನೆಲ್ಲಿಯಂಥ ಕಿರು ಅರಣ್ಯ ಉತ್ಪನ್ನಗಳನ್ನು ಮಾರಾಟಕ್ಕೆ ಸಂಗ್ರಹಿಸಲು ನಿಷೇಧವಿತ್ತು ಎಂಬುದನ್ನು ನೆನೆದರೆ ಅದರ ತೂಕ ತಿಳಿಯುತ್ತದೆ.

ಸ್ಥಳಾಂತರದ ಮಾತು ಬಂದರೆ ಕ್ರಮ ಹೀಗಿರಬೇಕು: ಮೊದಲು ಹಕ್ಕುಗಳ ಮಾನ್ಯತೆ ಪೂರ್ಣವಾಗಬೇಕು, ಆಮೇಲೆ ಸಹಬಾಳ್ವೆ ಸಾಧ್ಯವಿಲ್ಲವೆಂದು ತೋರಿಸಬೇಕು, ಕೊನೆಗೆ ಗ್ರಾಮಸಭೆಯ ತಿಳಿದು ಕೊಟ್ಟ ಒಪ್ಪಿಗೆ. ವನ್ಯಜೀವಿ ಕಾಯ್ದೆಯ 38ವಿ ಕೂಡ ಇದನ್ನೇ ಹೇಳುತ್ತದೆ. 2021ರಲ್ಲಿ ಪ್ಯಾಕೇಜನ್ನು ಕುಟುಂಬಕ್ಕೆ 10 ಲಕ್ಷದಿಂದ 15 ಲಕ್ಷ ರೂಪಾಯಿಗೆ ಏರಿಸಲಾಯಿತು. ಹಕ್ಕುಪತ್ರ ಕೊಡದೆ ಪ್ಯಾಕೇಜಿನ ಪಟ್ಟಿಗೆ ಸಹಿ ಕೇಳಿದರೆ ಕ್ರಮ ತಲೆಕೆಳಗಾಗಿದೆ ಎಂದರ್ಥ. ನಾಗರಹೊಳೆಯಿಂದ ದಶಕಗಳ ಹಿಂದೆ ಹೊರಬಂದ ಜೇನು ಕುರುಬರ ವಾದದಲ್ಲಿ ಇನ್ನೊಂದು ಕಲಮು ಮುಖ್ಯ. 13 ಡಿಸೆಂಬರ್ 2005ಕ್ಕೆ ಮುಂಚೆ ಪುನರ್ವಸತಿ ಕೊಡದೆ ಕಾನೂನುಬಾಹಿರವಾಗಿ ಹೊರಹಾಕಿದವರಿಗೆ 3(1)(ಎಂ) ಪುನರ್ವಸತಿಯ ಹಕ್ಕು ಕೊಡುತ್ತದೆ.

ಹಕ್ಕುಪತ್ರ ಕೈಗೆ ಬಂದಾಗ ಮೊದಲು ಏನು ನೋಡಬೇಕು?

ಸಮಾರಂಭದಲ್ಲಿ ಫೋಟೊ ತೆಗೆಸಿಕೊಳ್ಳುವ ಮುಂಚೆ ಓದಿ. ಹೆಸರು ಗ್ರಾಮಸಭೆಯದ್ದೇ, ಅಥವಾ ಇಲಾಖೆ ಮಾಡಿದ ಗ್ರಾಮ ಅರಣ್ಯ ಸಮಿತಿಯದ್ದೇ? ಎರಡನೆಯದಾದರೆ ತಪ್ಪು. 3(1)(ಐ) ಉಲ್ಲೇಖ ಇದೆಯೇ? ವಿಸ್ತೀರ್ಣ ನಿಮ್ಮ ನಕ್ಷೆಗೆ ಹೊಂದುತ್ತದೆಯೇ, ಕಡಿಮೆಯಾಗಿದ್ದರೆ ಕಾರಣ ಬರೆದಿದ್ದಾರೆಯೇ? ಚೆಕ್ಕುಬಂದಿ (ನಾಲ್ಕು ದಿಕ್ಕಿನ ಎಲ್ಲೆ) ಇದೆಯೇ? ‘ಅರಣ್ಯ ಕಾನೂನುಗಳಿಗೆ ಒಳಪಟ್ಟು’ ಎಂಬಂಥ ಹೆಚ್ಚುವರಿ ಷರತ್ತು ಸೇರಿದೆಯೇ? ಜಿಲ್ಲಾಧಿಕಾರಿ, ಉಪ ಅರಣ್ಯ ಸಂರಕ್ಷಣಾಧಿಕಾರಿ, ಬುಡಕಟ್ಟು ಕಲ್ಯಾಣಾಧಿಕಾರಿ ಮೂವರ ಸಹಿಯೂ ಇರಬೇಕು. ಮೂರು ತಿಂಗಳೊಳಗೆ ಅಂತಿಮ ನಕ್ಷೆಯಾಗಿ ಕಂದಾಯ ಮತ್ತು ಅರಣ್ಯ ದಾಖಲೆಗಳಲ್ಲಿ ನಮೂದಾಗಬೇಕು. ಇದನ್ನು ಯಾರೂ ತಾವಾಗಿ ಮಾಡುವುದಿಲ್ಲ, ಬೆನ್ನು ಹತ್ತಬೇಕು.

ಹಕ್ಕು ಬಂದ ಮೇಲೆ ಕಾಡನ್ನು ಆಳುವುದು ಹೇಗೆ?

ನಿಯಮ 4(1)(ಇ) ಪ್ರಕಾರ ಗ್ರಾಮಸಭೆ ತನ್ನವರಲ್ಲೇ ಒಂದು ಸಂರಕ್ಷಣಾ ಸಮಿತಿ ಮಾಡಬೇಕು. ಅರಣ್ಯ ಹಕ್ಕು ಸಮಿತಿಯ ಕೆಲಸ ಹಕ್ಕಿನ ಪರಿಶೀಲನೆ, ಇದರ ಕೆಲಸ ನಿರ್ವಹಣೆ. ಈ ಸಮಿತಿ ಯೋಜನೆ ಬರೆಯುತ್ತದೆ, ಸಭೆ ಒಪ್ಪುತ್ತದೆ. ಇಲಾಖೆ ತನ್ನ ಕಾರ್ಯಯೋಜನೆಯಲ್ಲಿ ಅದಕ್ಕೆ ಜಾಗ ಮಾಡಿಕೊಡಬೇಕು. 2023ರಲ್ಲಿ ಕೇಂದ್ರ ಸಚಿವಾಲಯ ಇದಕ್ಕೆ ಮಾರ್ಗಸೂಚಿಯನ್ನೂ ಹೊರಡಿಸಿದೆ.

ಯೋಜನೆ ಎಂದರೆ ದಪ್ಪ ಪುಸ್ತಕ ಬೇಕಿಲ್ಲ. ಯಾವ ಉತ್ಪನ್ನ, ಯಾವ ತಿಂಗಳು, ಎಲ್ಲಿ, ಎಷ್ಟು ಬಿಡಬೇಕು ಎಂಬ ನಿಯಮಗಳು ಸಾಕು. ನೆಲ್ಲಿಯ ಕೊಂಬೆ ಕಡಿಯಬಾರದು, ಪ್ರತಿ ಮರದಲ್ಲೂ ಪ್ರಾಣಿಗಳಿಗೆ, ಬೀಜಕ್ಕೆ ಪಾಲು ಬಿಡಬೇಕು. ಹೆಜ್ಜೇನಿನ ಮರಿ ಇರುವ ಭಾಗ ಮುಟ್ಟಬಾರದು. ಬೆಂಕಿ ಕಾವಲಿಗೆ ಸರದಿ. ಹೊರಗಿನವರು ಬಂದು ಕೊಯ್ದರೆ ಏನು ಮಾಡಬೇಕು. ಇಂಥ ಹತ್ತು ನಿಯಮಗಳನ್ನು ಊರೆಲ್ಲ ಒಪ್ಪಿ ನಡಾವಳಿಗೆ ಸೇರಿಸಿದರೆ ಅದೇ ಆಡಳಿತ. ಲಂಟಾನ ಹಬ್ಬಿದ್ದಕ್ಕೆ ಹಿಂದಿನ ‘ತರಗು ಬೆಂಕಿ’ (ನೆಲದ ಒಣ ಎಲೆಗೆ ಹಾಕುವ ಸಣ್ಣ ಬೆಂಕಿ) ನಿಂತದ್ದು ಕಾರಣ ಎಂದು ಸೋಲಿಗ ಹಿರಿಯರು ಬಹಳ ಕಾಲದಿಂದ ಹೇಳುತ್ತಿದ್ದಾರೆ. ಅಂಥ ತಿಳಿವಳಿಕೆ ಯೋಜನೆಯಲ್ಲಿ ಲಿಖಿತವಾಗಿ ಬರಲಿ, ಜಾರಿ ಮಾತ್ರ ಇಲಾಖೆಯೊಂದಿಗೆ ಮಾತಾಡಿಯೇ ಆಗಲಿ. ಬೆಂಕಿಯ ಕೇಸು ಬಿದ್ದರೆ ಉಳಿದ ಕೆಲಸವೆಲ್ಲ ನಿಲ್ಲುತ್ತದೆ.

ಮಾರಾಟಕ್ಕೆ ಲ್ಯಾಂಪ್ಸ್ ಸೊಸೈಟಿಗೇ (ಆದಿವಾಸಿಗಳ ಸಹಕಾರ ಸಂಘ) ಕೊಡಬೇಕೆಂಬ ಕಟ್ಟುಪಾಡಿಲ್ಲ. ಬೆಲೆ ಸರಿಬಂದರೆ ಕೊಡಿ. ಸಾಗಣೆ ಪರವಾನಗಿಯನ್ನು ನಿಮ್ಮ ಸಮಿತಿಯೇ ಕೊಡಬಹುದು, ರಾಯಧನವಿಲ್ಲ. ಬಿದಿರು ಕೂಡ ಕಿರು ಅರಣ್ಯ ಉತ್ಪನ್ನವೇ. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೇಂಢಾ ಲೇಖಾ 2009ರಲ್ಲಿ ಸುಮಾರು 1,800 ಹೆಕ್ಟೇರ್ ಕಾಡಿನ ಹಕ್ಕು ಪಡೆಯಿತು, 2011ರಲ್ಲಿ ತನ್ನದೇ ಪರವಾನಗಿ ಪುಸ್ತಕದಿಂದ ಬಿದಿರು ಮಾರಿತು. ಲೆಕ್ಕವನ್ನು ಗ್ರಾಮಸಭೆಯ ಹೆಸರಿನ ಬ್ಯಾಂಕ್ ಖಾತೆಯಲ್ಲಿ ಇಡಿ. ಹಣದ ಲೆಕ್ಕ ಸಭೆಗೆ ಬಾರದ ಊರಲ್ಲಿ ಎರಡನೇ ವರ್ಷಕ್ಕೆ ಕೋರಂ ಸೇರುವುದಿಲ್ಲ.

ಜೇನು ಕುರುಬರಿಗೆ, ಕೊರಗರಿಗೆ ಬೇರೆ ಹಕ್ಕು ಇದೆಯಂತೆ?

ಇವೆರಡೂ ಕರ್ನಾಟಕದ ವಿಶೇಷ ದುರ್ಬಲ ಬುಡಕಟ್ಟುಗಳು. 3(1)(ಇ) ಪ್ರಕಾರ ಇಡೀ ಆವಾಸದ ಮೇಲೆ, ಹಲವು ಹಾಡಿಗಳು ಸೇರಿ, ಹಕ್ಕು ಕೇಳಬಹುದು. ಸಂಸ್ಕೃತಿ, ದೇವರು, ಓಡಾಟದ ದಾರಿ ಎಲ್ಲವೂ ಅದರಲ್ಲಿ ಬರುತ್ತವೆ. ದೇಶದಲ್ಲಿ ಮೊದಲು ಪಡೆದವರು ಮಧ್ಯಪ್ರದೇಶದ ಡಿಂಡೋರಿ ಜಿಲ್ಲೆಯ ಬೈಗಾಗಳು. ಸಾಂಪ್ರದಾಯಿಕ ಮುಖಂಡರ ಜೊತೆ ಮಾತಾಡಿ ಇದನ್ನು ದಾಖಲಿಸುವ ಹೊಣೆ ಜಿಲ್ಲಾ ಸಮಿತಿಯದು.

ಗಣಿ, ಅಣೆಕಟ್ಟು ಬಂದರೆ ಗ್ರಾಮಸಭೆ ಬೇಡ ಎನ್ನಬಹುದೇ?

ಒಡಿಶಾದ ನಿಯಮಗಿರಿಯಲ್ಲಿ ಡೋಂಗ್ರಿಯಾ ಕೋಂಧ ಆದಿವಾಸಿಗಳು ‘ಬೇಡ’ ಎಂದರು. ಸುಪ್ರೀಂ ಕೋರ್ಟಿನ 18 ಏಪ್ರಿಲ್ 2013ರ ತೀರ್ಪಿನಂತೆ ನಡೆದ 12 ಗ್ರಾಮಸಭೆಗಳೂ ಬಾಕ್ಸೈಟ್ ಗಣಿಯನ್ನು ನಿರಾಕರಿಸಿದವು, ಗಣಿ ನಿಂತಿತು. 2022ರ ಅರಣ್ಯ ಸಂರಕ್ಷಣಾ ನಿಯಮಗಳು ಕೇಂದ್ರದ ಅನುಮೋದನೆಗೆ ಮುಂಚೆ ಗ್ರಾಮಸಭೆಯ ಒಪ್ಪಿಗೆಯನ್ನು ಖಚಿತಪಡಿಸಿಕೊಳ್ಳುವ ಘಟ್ಟವನ್ನು ತೆಗೆದು ಹೊಣೆಯನ್ನು ರಾಜ್ಯದ ಮೇಲೆ ಹಾಕಿದವು. ಆದ್ದರಿಂದ ಫಾರಂ ಸಿ ಹಕ್ಕುಪತ್ರ ಮೊದಲೇ ಕೈಯಲ್ಲಿರುವ ಊರಿಗೂ ಇಲ್ಲದ ಊರಿಗೂ ವ್ಯತ್ಯಾಸ ಈಗ ಇನ್ನೂ ಹೆಚ್ಚಿದೆ.

ರಸ್ತೆ, ಶಾಲೆ, ವಿದ್ಯುತ್ತಿಗೂ ದೆಹಲಿಯ ಅನುಮತಿ ಬೇಕು ಎನ್ನುತ್ತಾರೆ.

ಬೇಡ. 3(2) ಕಲಮಿನಲ್ಲಿ ಶಾಲೆ, ಅಂಗನವಾಡಿ, ಆಸ್ಪತ್ರೆ, ಕುಡಿಯುವ ನೀರು, ವಿದ್ಯುತ್ ಮಾರ್ಗ, ರಸ್ತೆ ಸೇರಿ 13 ಸೌಲಭ್ಯಗಳಿವೆ. ಪ್ರತಿಯೊಂದಕ್ಕೂ 1 ಹೆಕ್ಟೇರಿಗಿಂತ ಕಡಿಮೆ ಜಾಗ, ಹೆಕ್ಟೇರಿಗೆ 75 ಮರ ಮೀರದಂತೆ, ಗ್ರಾಮಸಭೆಯ ಶಿಫಾರಸಿನೊಂದಿಗೆ ಮಾಡಬಹುದು.

ಹಕ್ಕುಪತ್ರದ ಜಮೀನು ಮಾರಬಹುದೇ? ಅರ್ಜಿಗೆ ಕೊನೆಯ ದಿನಾಂಕ ಯಾವುದು?

ಮಾರುವಂತಿಲ್ಲ, ಬೇರೆಯವರಿಗೆ ಪರಭಾರೆ ಮಾಡುವಂತಿಲ್ಲ. ಮಕ್ಕಳಿಗೆ ವಾರಸಾಗಿ ಹೋಗುತ್ತದೆ. ಅರ್ಜಿಗೆ ಮೂರು ತಿಂಗಳು ಎಂದು ನಿಯಮದಲ್ಲಿರುವುದು ನಿಜ, ಆದರೆ ಅದನ್ನು ವಿಸ್ತರಿಸುವ ಅಧಿಕಾರ ಗ್ರಾಮಸಭೆಗಿದೆ. ಕಾರಣ ಬರೆದು ವಿಸ್ತರಣೆಯ ನಿರ್ಣಯ ಮಾಡಿ, ಅದರ ನಕಲನ್ನು ಹೊಸ ಅರ್ಜಿಗಳ ಮೇಲಿಟ್ಟು ಕಳಿಸಿ. ‘ಅವಧಿ ಮುಗಿದಿದೆ’ ಎಂಬ ಹಿಂಬರಹ ಬಂದರೆ ಆ ನಿರ್ಣಯದ ಸಂಖ್ಯೆ, ದಿನಾಂಕ ನಮೂದಿಸಿ ಅದೇ ವಾರ ಉಪವಿಭಾಗಾಧಿಕಾರಿಗೆ ಉತ್ತರ ಬರೆಯಿರಿ.